ಗೂಳಪ್ಪ ಕಂಡ ಬಿಳಿ

ಬಿಳಿ ಅಂದರೆ ಒಂದೇ ಬಿಳಿ ಅಂತ ನಾವು ನೀವು ತಿಳಿದುಕೊಂಡಿದ್ದೇವೆ. ದಾಂಡೇಲಿಯ ಗೂಳಪ್ಪನ ಮುಂದೆ ಹಾಗಂದುಬಿಟ್ಟರೆ ಮುಗಿಯಿತು, ಕೈಯಲ್ಲಿರುವ ಚಹಾ ಆರಿ ನೀರಾಗುವ ತನಕ ನಿಮ್ಮನ್ನು ಬಿಡುತ್ತಿರಲಿಲ್ಲ. ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ, ನೀಲಿ ಹಾಕಿ ಹಿಂಡಿದ ಧೋತರದ ಬಿಳಿ ಬೇರೆ. "ನೀವು ಬಿಳಿ ಅಂತೀರಲ್ಲ, ಅದರಾಗ ನನಗ ಹತ್ತು ನಮೂನಿ ಕಾಣ್ತಾವ" ಎಂದು ಎದೆ ಸೆಟೆಸಿ ಹೇಳುತ್ತಿದ್ದ. ಹೇಳಲಿ ಬಿಡಿ, ಕಾಗದದ ಮಿಲ್ಲಿನಲ್ಲಿ ಮೂವತ್ತಾರು ವರ್ಷ ಹಾಳೆ ಆರಿಸಿದವನು.

ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಕೂಲಿಯಾಗಿ ಸೇರಿದವನನ್ನು ಮೇಲೆತ್ತಿದ್ದು ಆ ಕಣ್ಣೇ. ಕತ್ತರಿಸಿದ ದೊಡ್ಡ ಹಾಳೆಗಳು ಮೇಜಿನ ಮೇಲೆ ಬಂದು ಕೂಡುತ್ತವೆ. ಆರಿಸುವವರು ಒಂದೊಂದೇ ಹಾಳೆಯ ಮೂಲೆ ಹಿಡಿದು ಮಗುಚುತ್ತಾ ಹೋಗಬೇಕು. ಚುಕ್ಕೆ, ತೂತು, ಸುಕ್ಕು ಕಂಡರೆ ಎಳೆದು ರದ್ದಿಗೆ. ಬಣ್ಣ ಕೂದಲೆಳೆಯಷ್ಟು ಆಚೀಚೆಯಾದರೂ ರದ್ದಿಗೆ. ಒಂದೇ ಕಟ್ಟಿನಲ್ಲಿ ಎರಡು ಬಿಳಿ ಬಂದರೆ ಪುಸ್ತಕ ಅಚ್ಚು ಹಾಕುವವನು ಸುಮ್ಮನಿರುತ್ತಾನೆಯೇ? ಹೋಲಿಸಿ ನೋಡಲು ಮಾದರಿ ಹಾಳೆಯೊಂದು ಕಪಾಟಿನಲ್ಲಿ ಇರುತ್ತಿತ್ತು. ಗೂಳಪ್ಪ ಹಾಳೆ ಆರಿಸುವ ಹಾಲ್‌ನ ಮೇಲ್ವಿಚಾರಕನಾದ ಮೇಲೆ ಕಪಾಟಿನ ಬಾಗಿಲು ತೆರೆದದ್ದನ್ನು ಯಾರೂ ನೋಡಲಿಲ್ಲ. ಹಾಳೆಯನ್ನು ಮೊಳ ದೂರದಲ್ಲಿ ಹಿಡಿದು, ಕುತ್ತಿಗೆ ಒಂದಿಷ್ಟು ವಾಲಿಸಿ, "ಹ್ಞೂಂ" ಅಂದರೆ ಪಾಸು, "ಥೂ" ಅಂದರೆ ರದ್ದಿ. ಅವನ ಮಾತಿನ ಮೇಲೆ ಲಾರಿಗಟ್ಟಲೆ ಕಾಗದ ಹೊರಗೆ ಹೋಗುತ್ತಿತ್ತು. ಒಂದು ಲಾಟೂ ತಿರುಗಿ ಬಂದದ್ದಿಲ್ಲ ಅಂತ ಬೀಗುತ್ತಿದ್ದ.

ಈ ಕಣ್ಣಿನ ಹೆಚ್ಚುಗಾರಿಕೆಗೆ ಅವನಲ್ಲಿ ಒಂದು ಕಥೆಯಿತ್ತು. ಎಲ್ಲಿ ಕೂತರೂ ಅದನ್ನೇ ಹೇಳುವವನು. ಪುಂಡಲೀಕ ಅಂತ ಒಬ್ಬ, ಕಾಂಟ್ರ್ಯಾಕ್ಟಿನ ಮೇಲೆ ಬಂದವ, ಆಗಷ್ಟೇ ಮದುವೆಯಾಗಿದ್ದವ. ಗೂಳಪ್ಪ ನಿವೃತ್ತನಾಗುವ ಹಿಂದಿನ ವರ್ಷ ಈ ಪುಂಡಲೀಕನ ಮೇಜಿನ ಪಕ್ಕದಲ್ಲಿ ರದ್ದಿಯ ಗುಡ್ಡೆ ದಿನಾ ಬೆಳೆಯಹತ್ತಿತು. ಗೂಳಪ್ಪ ಹೋಗಿ ಕೆದರಿ ನೋಡುತ್ತಾನೆ, ಎಲ್ಲಾ ಒಳ್ಳೆಯ ಹಾಳೆ! ಯಾಕೋ ಅಂದರೆ, "ಕಾಕಾ, ಇವು ಸ್ವಲ್ಪ ನೀಲಿಗೆ ಹೊಡದಾವ್ರಿ" ಅನ್ನುತ್ತಾನೆ. ನೀಲಿ ಎಲ್ಲಿಯದು? ಒಂದು ವಾರ ಸಹಿಸಿದ, ಎರಡು ವಾರ ಸಹಿಸಿದ. ಕಡೆಗೊಂದು ದಿನ ಪುಂಡಲೀಕ ಎಲ್ಲರ ಎದುರು, "ಒಮ್ಮೆ ಕಪಾಟಿನಾಗಿನ ಮಾದರಿ ಹಾಳಿ ತಗದು ನೋಡೂಣೇನ್ರಿ ಕಾಕಾ?" ಅಂದುಬಿಟ್ಟ.

"ನನ್ನ ಕಣ್ಣಿಗೆ ಸಾಕ್ಷಿ ಕೇಳ್ತೀಯೇನಲೇ?"

ಹಾಲ್‌ನಲ್ಲಿ ಹದಿನೈದು ಜನರ ಕೈ ನಿಂತವು. ಗೂಳಪ್ಪ ಅವತ್ತೇ ಕಾಂಟ್ರ್ಯಾಕ್ಟರನಿಗೆ ಹೇಳಿ ಕಳಿಸಿದ: ಈ ಹುಡುಗನ ಕಣ್ಣು ಸರಿಯಿಲ್ಲ, ಇಲ್ಲದ್ದು ಕಾಣುತ್ತದೆ, ಒಳ್ಳೇ ಹಾಳೆ ಹಾಳು ಮಾಡುತ್ತಾನೆ. ಮರುದಿನ ಪುಂಡಲೀಕನನ್ನು ಗೇಟಿನ ಒಳಗೆ ಬಿಡಲಿಲ್ಲ. ಇಷ್ಟಕ್ಕೇ ಬಿಟ್ಟನೇ ನಮ್ಮ ಗೂಳಪ್ಪ? ಪುಂಡಲೀಕ ರದ್ದಿಗೆ ಎಸೆದ ಹಾಳೆಗಳದ್ದೊಂದು ಕಂತೆ, ತಾನು ಪಾಸು ಮಾಡಿದ್ದರದ್ದೊಂದು ಕಂತೆ, ಎರಡನ್ನೂ ಕತ್ತರಿಸಿ ಸೇರಿಸಿ ಹೊಲಿದು ಹೆಂಡತಿಗೆ ಭಜನೆಯ ಪುಸ್ತಕ ಮಾಡಿಕೊಟ್ಟ. ಮಿಲ್ಲಿನ ಮಂದಿಯ ಮನೆಗಳಲ್ಲಿ ಮಕ್ಕಳ ನೋಟುಬುಕ್ಕಿನಿಂದ ಹಿಡಿದು ಎಲ್ಲ ಹೀಗೇ ಹೊಲಿದದ್ದೇ. ಬಂದವರ ಕೈಗೆ ಅದನ್ನು ಕೊಟ್ಟು, "ಯಾವುದು ಅವನ ರದ್ದಿ, ಯಾವುದು ನನ್ನ ಪಾಸು, ಹೇಳ್ರಿ ನೋಡೂಣು!" ಅನ್ನುವನು. ಬಂದವರು ನಕ್ಕು, ನಮಗೇನು ತಿಳಿಯುತ್ತದೆ ಅಂದು, ಚಹಾ ಕುಡಿದು ಏಳುವರು.

ಇದಾಗಿ ಆರು ವರ್ಷ.

ಅರವತ್ತೈದು ದಾಟಿದ ಮೇಲೆ ಗೂಳಪ್ಪನಿಗೆ ಬಸ್ಸಿನ ಬೋರ್ಡು ಕಾಣದಾಯಿತು. ಬೋರ್ಡು ಬರೆದವನನ್ನು ಬೈದ. ಎದುರು ಬರುವ ಗಾಡಿಯ ದೀಪ ಜಾತ್ರೆಯ ಮತಾಪಿನ ಹಾಗೆ ಒಡೆದು ಚೆಲ್ಲಹತ್ತಿತು. ಹೊಸ ನಮೂನೆಯ ದೀಪಗಳನ್ನು ಬೈದ. ಬಂಗೂರನಗರದ ರಸ್ತೆಯಲ್ಲಿ ಹಾಡಹಗಲೇ ಕಲ್ಲು ಎಡವಿ ಮೊಣಕಾಲು ಒಡೆದುಕೊಂಡು ಬಂದಾಗ ಕಲ್ಲನ್ನೂ ಬೈದ. ಹೆಂಡತಿ ಗುರುಬಸವ್ವ ಅರಿಶಿನ ಒತ್ತುತ್ತಾ, "ಎಲ್ಲಾರ್ನೂ ಬೈದು ಆತು, ಇನ್ನ ಕಣ್ಣ ತೋರಸ್ರಿ" ಅಂದಳು.

"ನನ್ನ ಕಣ್ಣೇನು ತೋರಸೂದ? ನಿನ್ನ ಬಾಯಿ ತೋರಸಬೇಕು ಯಾರಿಗರೆ."

ಬೈದರೇನು, ಮಗ ಮಹಾಬಳೇಶ್ವರ ಬಿಡಲಿಲ್ಲ. ಪೇಟೆಯಲ್ಲಿ ಮೋಟರು ರಿಪೇರಿಯ ಅಂಗಡಿ ಇಟ್ಟವ, ಎರಡು ದಿನ ಬಾಗಿಲು ಹಾಕಿ ಅಪ್ಪನನ್ನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣು ಮೊದಲು ಮಾಡೋಣ, ತಿಂಗಳು ಬಿಟ್ಟು ಎಡಗಣ್ಣು ಅಂದರು ಡಾಕ್ಟರಮ್ಮ. ಲೆನ್ಸು ಯಾವುದು ಅನ್ನುವುದನ್ನು ಮಾತಾಡಲು ಮಧುಮತಿ ಅನ್ನುವ ಹುಡುಗಿಯ ಮುಂದೆ ಕೂರಿಸಿದರು.

ಪಾಪ, ಒಳ್ಳೆಯ ಹುಡುಗಿ. ಕಣ್ಣೊಳಗಿನ ಪೊರೆಗಟ್ಟಿದ ಮಸೂರವನ್ನು ಒಡೆದು ತೆಗೆಯುತ್ತಾರೆ, ಅದರ ಜಾಗದಲ್ಲಿ ಈ ಲೆನ್ಸು ಕೂರಿಸುತ್ತಾರೆ, ಒಮ್ಮೆ ಕೂತರೆ ಜೀವ ಇರುವ ತನಕ ಅದೇ, ಅಂತೆಲ್ಲ ಬಿಡಿಸಿ ಹೇಳಿದಳು. "ಅಜ್ಜಾ, ಈ ಸಾದಾ ಲೆನ್ಸಿನ್ಯಾಗ ಒಂದೇ ದೂರ ಚಷ್ಮಾ ಇಲ್ಲದ ಛಲೋ ಕಾಣ್ತೈತಿ. ದೂರದ್ದು ಬೇಕೋ, ಸಮೀಪದ್ದು ಬೇಕೋ? ಭಾಳ ಮಂದಿ ದೂರದ್ದು ಹಾಕಸ್ಕೋತಾರ, ಓದಾಕ ಚಷ್ಮಾ ಇಟ್ಕೋತಾರ."

"ಅಪ್ಪಾ, ದೂರದ್ದ ತಗೋ. ರಸ್ತಾ ಕಾಣ್ಸಿದ್ರ ಸಾಕು" ಎಂದ ಮಹಾಬಳೇಶ್ವರ.

ಗೂಳಪ್ಪ ಮಗನ ಕಡೆ ನೋಡಲೂ ಇಲ್ಲ. ಬಲಗೈ ಮುಂದೆ ಚಾಚಿ, ಇಲ್ಲದ ಹಾಳೆಯನ್ನು ಹಿಡಿದು, ಕುತ್ತಿಗೆ ವಾಲಿಸಿದ. "ಇಲ್ಲಿ. ಈ ಮೊಳ ದೂರದಾಗ ಸಾಫ್ ಕಾಣ್ಬೇಕು. ದೂರದ್ದಕ್ಕ ಚಷ್ಮಾ ಹಾಕ್ಕೋತೇನಿ." ಕೆಲಸ ಬಿಟ್ಟು ಐದು ವರ್ಷವಾದ ಮನುಷ್ಯ, ಹಾಳೆ ನೋಡುವ ದೂರಕ್ಕೆ ಕಣ್ಣು ಕೇಳುತ್ತಾನೆ! ಮಹಾಬಳೇಶ್ವರ ಹಣೆ ಚಚ್ಚಿಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ಮಧುಮತಿ ಇನ್ನೊಂದು ಮಾತು ಹೇಳಿದಳು: ಕೆಲವು ಲೆನ್ಸುಗಳಲ್ಲಿ ತುಸು ಹಳದಿ ಛಾಯೆ ಇರುತ್ತದೆ, ತೀಕ್ಷ್ಣ ಬೆಳಕನ್ನು ಅಷ್ಟು ತಡೆಯಲಿ ಅಂತ. ಕೆಲವು ಪೂರಾ ನೀರಿನಂತಿರುತ್ತವೆ. "ಹಳದೀದು ಹಾಕಿದ್ರೂ ನಿಮಗ ಗೊತ್ತೂ ಆಗೂದಿಲ್ರಿ ಅಜ್ಜಾ."

ಗೂಳಪ್ಪ ನಕ್ಕ. ಆ ನಗುವಿನಲ್ಲಿ ಎಷ್ಟು ಜಂಬವಿತ್ತು ಅಂತೀರಿ! "ನನಗ ಗೊತ್ತಾಗದ ಹಳದಿ ಇನ್ನೂ ಹುಟ್ಟಿಲ್ಲವ್ವಾ. ನೀರಿನಂಗ ಇರೋದ ಹಾಕ್ರಿ." ಆಮೇಲೆ ಆ ಹುಡುಗಿಗೂ ಪುಂಡಲೀಕನ ಕಥೆ ಹೇಳಿಯೇ ಎದ್ದ.

ಆಪರೇಷನ್ನು ಅರ್ಧ ತಾಸು ಕೂಡ ಹಿಡಿಯಲಿಲ್ಲ. ಮರುದಿನ ಡಾಕ್ಟರಮ್ಮ ಬಂದು ಪಟ್ಟಿ ಬಿಚ್ಚಿದರು. ಮೊದಲು ನೀರು, ಆಮೇಲೆ ಬೆಳಕು, ಆಮೇಲೆ ತನ್ನದೇ ಅಂಗೈ. ಅಂಗೈಯ ಗೆರೆಗೆರೆ ಕಂಡಿತು. ಪಕ್ಕದಲ್ಲಿ ನಿಂತ ನರ್ಸಮ್ಮನ ಕೋಟಿನ ತೋಳು ಕಂಡಿತು. ಯಪ್ಪಾ, ಏನು ಬಿಳಿ ಅದು! ನೀಲಿಯಲ್ಲಿ ಅದ್ದಿ ಬಿಸಿಲಿಗೆ ಹಾಕಿದಂಥ ಬಿಳಿ. ಎಷ್ಟೋ ವರ್ಷದ ಮೇಲೆ ನೆಂಟನನ್ನು ಕಂಡ ಹಾಗಾಯಿತು ಗೂಳಪ್ಪನಿಗೆ. ಎಡಗೈಯಿಂದ ಬಲಗಣ್ಣು ಮುಚ್ಚಿ, ಪೊರೆಯಿದ್ದ ಎಡಗಣ್ಣಿನಿಂದ ನೋಡಿದ. ಅದೇ ತೋಳು, ಹಳೆಯ ಜೋಳದ ರೊಟ್ಟಿಯ ಬಣ್ಣ.

"ಡಾಕ್ಟರಬಾಯಿ, ಈ ಕಣ್ಣಿಗೆ ಯಾಕ ಹಿಂಗ ಕಾಣ್ತೈತ್ರಿ?"

"ಅದೇ ಅಜ್ಜಾರೆ, ಪೊರೆ ಅಂದ್ರೆ. ಬರಬರುತ್ತ ಹಳದಿ ಆಗಿರ್ತದೆ. ಹಳದಿ ಗಾಜಿನ ಒಳಗಿಂದ ನೋಡ್ದಂಗೆ. ನೀಲಿಯಂತೂ ಗೊತ್ತೇ ಆಗೋದಿಲ್ಲ. ನಿಧಾನಕ್ಕೆ ಆಗ್ತದಲ್ಲ, ಅದಕ್ಕೆ ತಿಳಿಯೂದಿಲ್ಲ."

"ಎಷ್ಟ ವರ್ಷದಿಂದ ಇದ್ದೀತ್ರಿ?"

"ನಿಮ್ಮದು ಭಾಳ ಗಟ್ಟಿಯಾಗಿತ್ತು. ಎಂಟು ಹತ್ತು ವರ್ಷದಿಂದ ಶುರುವಾಗಿರಬೇಕು."

ನೀಲಿ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಗೂಳಪ್ಪನಿಗೆ ಪುಂಡಲೀಕನ ಮಾತು ನೆನಪಾಯಿತು. ಹುಬ್ಬಳ್ಳಿಯಿಂದ ದಾಂಡೇಲಿಯ ತನಕ ಬಸ್ಸಿನಲ್ಲಿ ಅವನಿಗೆ ಒಂದೇ ಕೆಲಸ. ಕಪ್ಪು ಚಷ್ಮಾದೊಳಗೆ ಒಂದು ಕಣ್ಣು ಮುಚ್ಚುವುದು, ಒಂದು ತೆರೆಯುವುದು. ನೋಯುತ್ತಿರಬೇಕು ಅಂತ ಮಗ ನೀರು ಕೊಟ್ಟ.

ಮನೆಗೆ ಬಂದವನೇ ಕೈಕಾಲು ಕೂಡ ತೊಳೆಯದೆ, "ಭಜನಿ ಪುಸ್ತಕ ಕೊಡು" ಅಂದ. ಕಣ್ಣು ಬಂದ ಸಂತೋಷಕ್ಕೆ ದೇವರ ಪದ ಹಾಡುತ್ತಾನೆ ಅಂದುಕೊಂಡ ಗುರುಬಸವ್ವ ಸೆರಗಿನಿಂದ ಒರೆಸಿ ಕೊಟ್ಟಳು. ಗೂಳಪ್ಪ ಬಾಗಿಲಲ್ಲಿ ನಿಂತು ಮೊಳ ದೂರಕ್ಕೆ ಪುಸ್ತಕ ಹಿಡಿದ. ಮೊದಲ ಕಂತೆಯ ಹಾಳೆಗಳು ತಿಳಿನೀಲಿಗೆ ಹೊಡೆದಿದ್ದವು. ಎರಡನೆಯದು ಕೆನೆಯ ಬಣ್ಣ. ಕೂಡಿದ ಜಾಗ ಗೆರೆ ಕೊರೆದಂತೆ ಕಾಣುತ್ತಿತ್ತು. ಬಲಗಣ್ಣು ಮುಚ್ಚಿದ. ಗೆರೆ ಇಲ್ಲ, ಎಲ್ಲ ಒಂದೇ. ತೆರೆದ. ಮತ್ತೆ ಗೆರೆ.

"ನಿನಗ ಇದು ಕಾಣ್ತಿತ್ತೇನು?"

"ಯಾವ್ದು? ಮೊದಲಿನವು ನೀಲಿ, ಹಿಂದಿನವು ಹಾಲಿನಂಗ, ಅದ? ಕಾಣದ ಏನ್ರಿ?"

"ಮತ್ತ ನಾ ಎರಡೂ ಒಂದ ಅಂತ ಬಂದವರ ಮುಂದೆಲ್ಲಾ ಹೇಳುವಾಗ ಬಾಯಿ ಮುಚ್ಕೊಂಡು ಯಾಕ ಕೂತಿದ್ದಿ?"

"ನೀವು ಒಂದ ಅಂತಿದ್ರಿ, ನಾನೂ ಹೌದು ಅಂತಿದ್ದೆ. ನಿಮ್ಮ ಜೋಡಿ ವಾದ ಮಾಡಿ ಈ ಮನ್ಯಾಗ ಯಾರು ಗೆದ್ದಾರ?" ಅಂದು ಗುರುಬಸವ್ವ ಒಳಗೆ ಹೋದಳು.

ಗೂಳಪ್ಪ ಕಟ್ಟೆಯ ಮೇಲೆ ಕೂತ. ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದಿದ್ದೆ, ಅದೂ ನಗುನಗುತ್ತಾ, ಆರು ವರ್ಷ ಆ ಹೊಡೆತವನ್ನೇ ಹಾಡಿಕೊಂಡು ತಿರುಗಿದೆ. ಬೇರೆ ಏನನ್ನೂ ಯೋಚಿಸಲು ಅವನಿಗೆ ಆಗಲಿಲ್ಲ. ಅವತ್ತು ಊಟ ಬೇಡ ಅಂದ. ನಾಲ್ಕು ದಿನ ಹೀಗೇ. ಹನಿ ಹಾಕಿಸಿಕೊಳ್ಳಲು ಮುಖ ಮೇಲೆತ್ತುವುದು, ಇಳಿಸುವುದು, ಅಷ್ಟೇ.

ಐದನೆಯ ದಿನ ಸಿದ್ದಕ್ಕನ ಮನೆಗೆ ಹೋದ. ಅದೇ ಹಾಲ್‌ನಲ್ಲಿ ಅವನ ಕೈಕೆಳಗೆ ಇಪ್ಪತ್ತು ವರ್ಷ ಹಾಳೆ ಆರಿಸಿದ ಹೆಂಗಸು. ಅವಳೂ ಈಗ ಮನೆಯಲ್ಲಿದ್ದಾಳೆ. ಗೂಳಪ್ಪ ಸುತ್ತಿ ಬಳಸಿ ಕೇಳಲಿಲ್ಲ. "ಸಿದ್ದಕ್ಕ, ಪುಂಡಲೀಕ ಹೇಳಿದ್ದು ಖರೇ ಇತ್ತೇನು?"

ಸಿದ್ದಕ್ಕ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ಈಗ ಯಾಕ ಬಿಡೋ ಗೂಳಪ್ಪಣ್ಣ."

"ಹೇಳು."

"ನಮಗೆಲ್ಲಾ ಗೊತ್ತಿತ್ತು. ನಿನ್ನ ಕಣ್ಣು ಹೋಗಿ ಆವಾಗ್ಲೇ ಎರಡು ವರ್ಷ ಆಗಿತ್ತು. ನೀ ಚಹಾಕ್ಕ ಎದ್ದು ಹೋದಾಗ ನಾವು ನಾಕು ಮಂದಿ ಹೆಣ್ಣಮಕ್ಕಳು ನೀ ಪಾಸ್ ಮಾಡಿದ್ದನ್ನ ಮತ್ತೊಮ್ಮೆ ಆರಸ್ತಿದ್ವಿ. ಮಾಲು ತಿರುಗಿ ಬಂದ್ರ ನಿನ್ನ ಹೆಸರು ಕೆಡತಿತ್ತಲ್ಲ."

"ಪುಂಡಲೀಕಗ ಹೇಳಬೇಕಿತ್ತು!"

"ಅವ ಹೊಸಬ. ನಮ್ಮ ಆಟ ಅವನಿಗೇನು ಗೊತ್ತು? ಎದುರಿಗೇ ಆರಿಸಿ ಒಗದ. ಅವನ ಪರವಾಗಿ ಬಾಯಿ ತಗದ್ರ ನಿನ್ನ ಮರ್ಯಾದಿ ಹೋಗ್ತಿತ್ತು. ನಿನ್ನ ಮರ್ಯಾದಿ ದೊಡ್ಡದಂದ್ವಿ, ಸುಮ್ಮನಾದ್ವಿ. ನಮ್ಮದೂ ಪಾಪ ಐತಿ." ಅವಳು ಕಣ್ಣೊರೆಸಿಕೊಂಡು ಮತ್ತೆ ಸೊಪ್ಪು ಸೋಸಿದಳು.

ಇಷ್ಟು ವರ್ಷ ಒಂದು ಲಾಟೂ ತಿರುಗಿ ಬರಲಿಲ್ಲ ಅಂತ ಬೀಗಿದ್ದನಲ್ಲ, ಆ ಬಿಂಕವೂ ಮಣ್ಣುಪಾಲಾಯಿತು. ಪುಂಡಲೀಕ ಎಲ್ಲಿದ್ದಾನೆ ಅಂತ ಸಿದ್ದಕ್ಕನೇ ಹೇಳಿದಳು. ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ, ಹೆಂಡತಿಯ ತವರಿನಲ್ಲಿ.

ಡಾಕ್ಟರು ಓಡಾಡಬಹುದು ಅಂದ ಮಾರನೆಯ ದಿನವೇ ಗೂಳಪ್ಪ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೊರಟ. ಮಗ ಜೊತೆಗೆ ಬರುತ್ತೇನೆ ಅಂದರೆ ಬೇಡ ಅಂದ. ಎಡಗಣ್ಣಿನ ಆಪರೇಷನ್ನಿಗೆ ಫೋನು ಮಾಡಿ ದಿನ ಹಿಡಿಯಲೇ ಎಂದು ಕೇಳಿದರೆ, "ಅದು ಹಂಗ ಇರ್ಲಿ. ಆವಾಗ ನಾ ಏನು ನೋಡ್ತಿದ್ದೆ ಅನ್ನೋದಕ್ಕ ಅದೊಂದ ಸಾಕ್ಷಿ ಉಳದೈತಿ" ಅಂದ. ಮಹಾಬಳೇಶ್ವರನಿಗೆ ತಲೆಬುಡ ತಿಳಿಯಲಿಲ್ಲ. ಗೂಳಪ್ಪ ಹಳಿಯಾಳದಲ್ಲಿ ಇಳಿದು ಸಾಂಬ್ರಾಣಿಯ ಬಸ್ಸು ಹಿಡಿದ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದ. ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು, ಮುಖದ ಮೇಲೆ ಬಾಗಿಲು ಹಾಕಿದರೆ ಹೊರಗೆ ಕೂರುವುದು. ಎಲ್ಲಕ್ಕೂ ತಯಾರಾಗಿದ್ದ.

ಮನೆ ಸಿಕ್ಕಿತು. ಪಡಸಾಲೆಯಲ್ಲಿ ಹೊಲಿಗೆ ಮಶಿನ್ನು ಹಾಕಿಕೊಂಡು ಒಬ್ಬ ಹೆಂಗಸು ಕುಪ್ಪಸ ಹೊಲಿಯುತ್ತಿದ್ದಳು. ಪುಂಡಲೀಕನ ಹೆಂಡತಿ ರಾಜಶ್ರೀ. ಪುಂಡಲೀಕ ಆಗಷ್ಟೇ ಪೇಟೆಯಿಂದ ಬಂದು ಚೀಲ ಬಿಚ್ಚುತ್ತಿದ್ದ. ಹಗಲು ಕಬ್ಬಿನ ಲೋಡು ಹೊರುವವ, ಭುಜ ಒಂದು ಕಡೆ ಇಳಿದಿತ್ತು. ಚೀಲದಿಂದ ನಾಲ್ಕು ದಾರದ ಉಂಡೆ ತೆಗೆದು, ಬಟ್ಟೆಯ ತುಣುಕಿನ ಜೊತೆ ಇಟ್ಟು, "ಅಂಗಡ್ಯಾವಗ ತೋರ್ಸೇನಿ. ಬಾಜೂದವಗೂ ತೋರ್ಸೇನಿ. ಇಬ್ಬರೂ ಇದ ಬಣ್ಣ ಹೊಂದತೈತಿ ಅಂದಾರ" ಅನ್ನುತ್ತಿದ್ದ.

"ಯಾವಾಗ್ಲೂ ನೀವ ಆರಿಸಿದ್ದ ಸರಿ ಇರ್ತೈತಿ. ಆದ್ರೂ ಊರಿಗೆಲ್ಲಾ ತೋರಸ್ತೀರಿ" ಅಂದಳು ರಾಜಶ್ರೀ ಬೇಸರದಿಂದ. ಆಮೇಲೆ ಅಂಗಳದಲ್ಲಿ ನಿಂತ ಮನುಷ್ಯನನ್ನು ಕಂಡಳು.

ಪುಂಡಲೀಕ ತಿರುಗಿದ. ಗುರುತು ಹಿಡಿದ. ಗೂಳಪ್ಪ ಬಾಯಿ ತೆರೆಯುವ ಮೊದಲೇ ಓಡಿ ಬಂದು, "ಗೂಳಪ್ಪ ಕಾಕಾ! ನೀವು? ನಮ್ಮ ಮನೀಗೆ?" ಎಂದು ಬಗ್ಗಿ ಕಾಲು ಮುಟ್ಟಿಬಿಟ್ಟ.

ಬೈದಿದ್ದರೆ ಬದುಕುತ್ತಿದ್ದ ಗೂಳಪ್ಪ. ಇದಕ್ಕೆ ಅವನು ತಯಾರಾಗಿರಲಿಲ್ಲ. ಅಲ್ಲೇ ಕಟ್ಟೆಗೆ ಕೂತು, ನೀರೂ ಮುಟ್ಟದೆ, ಒಂದೇ ಉಸುರಿಗೆ ಎಲ್ಲ ಹೇಳಿದ. ಪೊರೆ, ಹಳದಿ, ಸಿದ್ದಕ್ಕ, ಎಲ್ಲ. "ನಿನ್ನ ಕಣ್ಣ ಸರಿ ಇತ್ತಪಾ ಪುಂಡಲೀಕ. ಕುರುಡ ನಾ ಆಗಿದ್ದೆ. ತಪ್ಪ ಮಾಡಿದೆ. ಹೊಟ್ಟ್ಯಾಗ ಹಾಕ್ಕೋ."

ಪುಂಡಲೀಕ ನಕ್ಕ. ದೊಡ್ಡವರು ಸಮಾಧಾನ ಹೇಳಲು ಬಂದಾಗ ನಗುವ ಹಾಗೆ. "ನೀವು ಇಷ್ಟು ದೂರ ನನ್ನ ಸಮಾಧಾನಕ್ಕಂತ ಬಂದೀರಿ, ಅದ ದೊಡ್ಡದ್ರಿ ಕಾಕಾ. ನಿಮ್ಮ ಕಣ್ಣ ತಪ್ಪೂದು ಎಲ್ಲೈತಿ? ಮೂವತ್ತಾರು ವರ್ಷ ಒಂದ ಲಾಟ್ ತಿರುಗಿ ಬರಲಿಲ್ಲ. ತಪ್ಪ ನಂದ. ಸೊಕ್ಕಿನ್ಯಾಗ ಮಾದರಿ ಹಾಳಿ ತಗೀರಿ ಅಂದುಬಿಟ್ಟೆ."

"ಅಲ್ಲೋ, ನಾನ ಹೇಳಾಕತ್ತೇನಿ!"

"ಆಮ್ಯಾಲೆ ಇನ್ನೊಂದು ಮಿಲ್ಲಿಗೆ ಕರದಿದ್ರು. ಹೋಗಲಿಲ್ಲ. ಇಂಥಾ ಕಣ್ಣ ಇಟ್ಕೊಂಡು ಅಲ್ಲೂ ಹಾಳು ಮಾಡೂದು ಯಾಕ ಅಂತ."

ಗೂಳಪ್ಪ ಗಡಬಡಿಸಿ ಚೀಲದಿಂದ ಪುಸ್ತಕ ತೆಗೆದ. ಎರಡು ಕಂತೆ ಕೂಡುವ ಹಾಳೆ ತೆರೆದು ಪುಂಡಲೀಕನ ಮುಂದೆ ಹಿಡಿದ. "ಇವು ನೀ ಒಗದವು. ಇವು ನಾ ಪಾಸ್ ಮಾಡಿದವು. ನೋಡು. ನೀಲಿ ಕಾಣ್ತೈತಿಲ್ಲೋ?"

ಪುಂಡಲೀಕ ನೋಡಿದ. ಕುತ್ತಿಗೆ ತುಸು ವಾಲಿಸಿ, ಆ ಹಾಲ್‌ನಲ್ಲಿ ಕಲಿತ ರೀತಿಯಲ್ಲೇ. "ಕಾಣ್ತೈತ್ರಿ."

"ಕಾಣ್ತೈತಿ ಅಂದಿ ನೋಡು! ಮತ್ತ?"

"ನನಗ ಕಾಣ್ತೈತಿ ಕಾಕಾ. ನನ್ನ ಕಣ್ಣ ಹಂಗ ಐತಿ. ಇಲ್ಲದ್ದು ಕಾಣ್ತೈತಿ ಅಂತ ನೀವ ಹೇಳಿದ್ರೆಲ್ಲಾ."

ಮಶಿನ್ನಿನ ಸದ್ದು ನಿಂತಿತ್ತು. ರಾಜಶ್ರೀ ಎದ್ದು ಬಂದು ಗಂಡನ ಹೆಗಲ ಮೇಲಿನಿಂದ ಪುಸ್ತಕ ನೋಡಿದಳು. ನೀಲಿ ಅವಳಿಗೂ ಕಂಡಿತು. ಗಂಡನನ್ನು ನೋಡಿದಳು, ಗೂಳಪ್ಪನನ್ನು ನೋಡಿದಳು. ಸೆರಗು ಬಾಯಿಗೆ ಹೋಯಿತು.

"ಆರು ವರ್ಷ ಆತ್ರಿ," ಅಂದಳು. ದನಿ ಏರಲಿಲ್ಲ. "ಬಸ್ಸಿನ ಲೈಸೆನ್ಸ್ ಮಾಡಸ್ರಿ ಅಂದ್ರ ಕಣ್ಣ ಸರಿ ಇಲ್ಲ. ದಾರ ತರ್ರಿ ಅಂದ್ರ ಕಣ್ಣ ಸರಿ ಇಲ್ಲ. ನಾನೂ ಸಿಟ್ಟಿಗೆದ್ದು ಕುರುಡ ಅಂತ ಬೈದೇನ್ರಿ ಇವರ್ನ. ನಿಮ್ಮ ಮಾತ ನಂಬಿ ಬೈದೇನಿ."

"ತಪ್ಪಾತವ್ವಾ ತಂಗಿ."

"ತಪ್ಪಾತು ಅಂದು ನೀವು ಸಂಜಿ ಬಸ್ಸಿಗೆ ಹೋಗಿಬಿಡ್ತೀರಿ. ಆವಾಗ ಒಂದ ಮಾತಿನ್ಯಾಗ ನಂಬಿಸಿದ್ರೆಲ್ಲಾ, ಈಗೂ ನಂಬಸ್ರಿ. ನಂಬಿಸಿದ ಮ್ಯಾಲೆ ಹೋಗ್ರಿ."

"ಏ, ಕಾಕಾಗ ಹಂಗ ಮಾತಾಡ್ತಾರೇನು?" ಎಂದು ಪುಂಡಲೀಕ ಹೆಂಡತಿಯನ್ನು ಗದರಿದ. ಗೂಳಪ್ಪನ ಕಡೆ ತಿರುಗಿ, "ಚಹಾ ಮಾಡಸ್ತೇನಿ, ಕೂಡ್ರಿ" ಅಂದ.

ಗೂಳಪ್ಪ ಅವನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ. ಆ ಕೈಯಲ್ಲಿ ಕಬ್ಬಿನ ಅಂಚು ಕೊಯ್ದ ಗಾಯಗಳಿದ್ದವು. ಹೊಸ ಕಣ್ಣಿಗೆ ಒಂದೊಂದೂ ಸಾಫಾಗಿ ಕಂಡವು. ಪುಸ್ತಕದ ಮೊದಲ ಹಾಳೆ ತೆರೆದು ಅವನ ಮೊಣಕಾಲ ಮೇಲೆ ಇಟ್ಟ.

"ಹೇಳು ಪುಂಡಲೀಕ. ಇದು ಯಾವ ಬಣ್ಣ?"

ಪುಂಡಲೀಕ ಹಾಳೆಯನ್ನು ನೋಡಲೇ ಇಲ್ಲ. ಗೂಳಪ್ಪನ ಮುಖವನ್ನೇ ನೋಡುತ್ತಾ ಕೂತಿದ್ದ.

"ನೀವ ಹೇಳ್ರಿ ಕಾಕಾ," ಅಂದ. "ನೀವು ಯಾವ್ದು ಅಂತೀರಿ, ಅದ."